ಗಾಳಿಯ ಮೇಲೆ ನಿಂತ ಗಾಡಿ

ಹಳೆಯ ವಸ್ತುವೊಂದು ಕೈಗೆ ಬಂದಾಗ ಅದನ್ನು ಇದ್ದಂತೆಯೇ ಇರಿಸಿಕೊಳ್ಳಬೇಕೋ, ನಮ್ಮ ಮನಸ್ಸಿಗೆ ಒಪ್ಪುವಂತೆ ತಿದ್ದಿಕೊಳ್ಳಬೇಕೋ ಎಂಬ ಪ್ರಶ್ನೆ ಎಲ್ಲರಿಗೂ ಒಮ್ಮೆಯಾದರೂ ಎದುರಾಗುವುದುಂಟು. ನಮ್ಮ ಮನೆಯಲ್ಲಿ ಈ ಪ್ರಶ್ನೆ ಮೋಟಾರು ಗಾಡಿಯೊಂದರ ರೂಪದಲ್ಲಿ ಬಂದಿತು. ಅದರಿಂದ ಅಣ್ಣತಮ್ಮಂದಿರ ನಡುವೆ ಎಂಟು ದಿನ ಮಾತು ನಿಂತುಹೋಯಿತು. ಆ ಮಾತು ಮರಳಿ ಹುಟ್ಟಿದ ಬಗೆಯನ್ನು ವಾಚಕರ ಮುಂದಿಡುವುದೇ ಈ ಬರೆಹದ ಉದ್ದೇಶ.

ನಾವಿರುವುದು ಗೋವೆಯ ಜುವಾರಿನಗರದಲ್ಲಿ. ವಾಸ್ಕೋ ಪಟ್ಟಣಕ್ಕೆ ಸಮೀಪದ ಈ ಊರಿನಲ್ಲಿ ವಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಮೆಯನ್ನರಸಿ ಬಂದ ಕನ್ನಡಿಗರ ಮನೆಗಳು ಬಹಳ. ನಮ್ಮ ತಂದೆಯವರೂ ರೋಣ ತಾಲ್ಲೂಕಿನಿಂದ ಬಂದು, ಮುರಗಾಂವ ಬಂದರಿನಲ್ಲಿ ಹಮಾಲಿ ಮಾಡಿ ನಮ್ಮನ್ನು ಸಾಕಿದರು. ಇಬ್ಬರು ಮಕ್ಕಳನ್ನೂ ಓದಿಸುವ ಶಕ್ತಿ ಅವರಿಗಿರಲಿಲ್ಲ. ನಮ್ಮ ತಮ್ಮನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಗ್ಯಾರೇಜು ಸೇರಿದನು. ಅವನು ತಂದ ವಾರದ ಪಗಾರದಿಂದ ನಮ್ಮ ಶಿಕ್ಷಕ ತರಬೇತಿ ಮುಗಿಯಿತು. ಈ ಸಂಗತಿಯನ್ನು ನಾವು ಎಷ್ಟರಮಟ್ಟಿಗೆ ಮರೆತಿದ್ದೆವೆಂಬುದು ಮುಂದೆ ತಿಳಿಯುವುದು.

ಇಪ್ಪತ್ತು ವರ್ಷ ಪರರ ಗಾಡಿಗಳ ಕೆಳಗೆ ಮಲಗಿ ದುಡಿದ ಅವನು ಎರಡು ವರ್ಷದ ಹಿಂದೆ ತನ್ನದೆಂಬ ಗಾಡಿಯೊಂದನ್ನು ಕೊಂಡನು. ಅದು ಟಾಟಾ ಎಸ್ಟೇಟ್. 1992ರಲ್ಲಿ ಪೇಟೆಗೆ ಬಂದು ಕೆಲವೇ ವರ್ಷಗಳಲ್ಲಿ ನಿಂತುಹೋದ ಈ ಗಾಡಿಯನ್ನು ಇಂದಿನ ಮಕ್ಕಳು ಕಂಡಿರಲಾರರು. ಹಿಂಬದಿಯಲ್ಲಿ ಸಾಮಾನಿಗೆ ಉದ್ದನೆಯ ಜಾಗ, ಡೀಸೆಲ್ ಎಂಜಿನು, ಗಟ್ಟಿ ಮೈಕಟ್ಟು. ಊರಿನಿಂದ ಜೋಳದ ಚೀಲ ತರುವುದಕ್ಕೆ ಇದಕ್ಕಿಂತ ತಕ್ಕ ವಾಹನವಿಲ್ಲ. ಆದರೆ ಹಿಂದಿನ ಸ್ಪ್ರಿಂಗುಗಳು ಸೋತಿದ್ದವು. ಮೊಲ್ಲೆಮ್ ದಾಟಿ ಅನಮೋಡದ ಘಟ್ಟವನ್ನೇರುವಾಗ ಗಾಡಿ ಎತ್ತಿ ಎತ್ತಿ ಹಾಕುತ್ತಿತ್ತು. ಮಂಡಿ ನೋವಿನ ನಮ್ಮ ತಾಯಿಯವರು ರಾಮನಗರ ಬರುವಷ್ಟರಲ್ಲಿ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದರು.

ಒಂದು ರಾತ್ರಿ ಊಟದ ಹೊತ್ತಿಗೆ ತಮ್ಮನು ತನ್ನ ಯೋಜನೆಯನ್ನು ತಿಳಿಸಿದನು. ಉಕ್ಕಿನ ಸ್ಪ್ರಿಂಗುಗಳನ್ನು ತೆಗೆದು ಗಾಳಿ ತುಂಬಿದ ರಬ್ಬರಿನ ಚೀಲಗಳನ್ನು ಕೂಡಿಸುವುದು. 17 ಅಂಗುಲದ ಹೊಳೆಯುವ ಅಲಾಯ್ ಗಾಲಿಗಳನ್ನು ಹಾಕುವುದು. ಅದಕ್ಕೆಂದು ಅವನು 1,20,000 ರೂಪಾಯಿ ಕೂಡಿಟ್ಟಿದ್ದನು. ಅಂಥ ಗಾಡಿಗಳು ಸಮುದ್ರದಂಡೆಯ ರಸ್ತೆಗಳಲ್ಲಿ ನೆಲಕ್ಕೆ ಹೊಟ್ಟೆ ತಾಗಿಸಿ ಮೆರೆಯುವುದನ್ನು ನಾವು ಕಂಡಿದ್ದೆವು. ಕೋಪ ಬಂದಿತು. "ನಾಲ್ಕಕ್ಷರ ಕಲಿತಿದ್ದರ ಇಂಥಾ ಬುದ್ಧಿ ಬರತಿರಲಿಲ್ಲ" ಎಂದುಬಿಟ್ಟೆವು. ಅವನು ತಟ್ಟೆಯಲ್ಲಿ ಅರ್ಧ ರೊಟ್ಟಿಯನ್ನು ಬಿಟ್ಟು ಎದ್ದುಹೋದನು. ತಾಯಿಯವರು ನಮ್ಮತ್ತ ನೋಡಿದರೇ ಹೊರತು ಏನನ್ನೂ ಆಡಲಿಲ್ಲ. ಆ ನೋಟದಲ್ಲಿ ನಮ್ಮ ತರಬೇತಿಯ ಕಾಲದ ಪಗಾರದ ಲೆಕ್ಕವೆಲ್ಲ ಇತ್ತು.

ಎಂಟನೆಯ ದಿನ ವಿಮೆಯ ಕಾಗದವನ್ನು ಹುಡುಕುತ್ತ ಗಾಡಿಯ ಖಾನೆಯನ್ನು ತೆರೆದಾಗ ಇನ್ನೂರು ಪುಟದ ನೋಟುಬುಕ್ಕೊಂದು ದೊರೆಯಿತು. ಅದರಲ್ಲಿ ತಮ್ಮನ ಕೈಯ ಚಿತ್ರಗಳು. ಗಾಳಿಯ ಚೀಲ, ಗಾಳಿಯನ್ನೊತ್ತುವ ಯಂತ್ರ, ಅದನ್ನು ಕೂಡಿಡುವ ಡಬ್ಬಿ, ಬಿಡುವ ಮತ್ತು ತಡೆಯುವ ವಾಲ್ವುಗಳು, ಎಲ್ಲವೂ ಅಳತೆಸಹಿತ. ಕೊನೆಯ ಪುಟದಲ್ಲಿ ಬಾಗಿಲು ತೆರೆದ ಗಾಡಿ. ಅದರ ಪಕ್ಕದಲ್ಲಿ ಕೋಲು ಹಿಡಿದ ಮುದುಕಿ. ಕೆಳಗೆ ಒರಟು ಅಕ್ಷರದಲ್ಲಿ "ಅವ್ವ ಹತ್ತೂವಾಗ ಗಾಡಿ ಕೆಳಗ ಬರಬೇಕು" ಎಂದು ಬರೆದಿತ್ತು.

ಬೆಂಗಳೂರಿನ ನಗರ ಸಾರಿಗೆಯ ವೋಲ್ವೊ ಬಸ್ಸುಗಳು ನಿಲ್ದಾಣದಲ್ಲಿ ಬಾಗಿಲಿನ ಕಡೆಗೆ ಮೆಲ್ಲನೆ ವಾಲಿ, ಮುದುಕರನ್ನು ಹತ್ತಿಸಿಕೊಂಡು ಮತ್ತೆ ಮೇಲೇಳುವುದನ್ನು ಅವನು ನೋಡಿ ಬಂದಿದ್ದನಂತೆ. ಆ ಬಸ್ಸುಗಳು ನಿಂತಿರುವುದು ಗಾಳಿಯ ಚೀಲಗಳ ಮೇಲೆಯೇ. ಆ ಸಂಜೆ ನಾವಾಗಿಯೇ ಹೋಗಿ ಅವನ ಬಳಿ ಕುಳಿತು, "ಇದು ಹ್ಯಾಂಗ ನಡೀತದ, ತಿಳಿಸಿ ಹೇಳಪಾ" ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೂಡಣ್ಣಾ" ಎಂದನು.

ಅವನು ಹೇಳಿದುದರ ಸಾರವಿಷ್ಟು. ಒಂದು ಗಾಲಿಯ ಮೇಲೆ 400 ಕಿಲೋ ಭಾರ ಬಿದ್ದಿದೆಯೆನ್ನೋಣ. ಆ ಭಾರವನ್ನು ಹೊರುವ ಚೀಲದ ಮುಖ 100 ಚದರ ಸೆಂಟಿಮೀಟರು ಇದ್ದರೆ, ಪ್ರತಿ ಚದರ ಸೆಂಟಿಮೀಟರಿಗೆ 4 ಕಿಲೋ ಒತ್ತಡದ ಗಾಳಿ ಸಾಕು. ಜನ ಹೆಚ್ಚಾದರೆ ಗಾಳಿಯನ್ನು ಹೆಚ್ಚಿಸಿದರಾಯಿತು. ಗಾಡಿಯ ಎತ್ತರ ಮೊದಲಿದ್ದಷ್ಟೇ ಉಳಿಯುವುದು. ಉಕ್ಕಿಗೆ ಈ ಗುಣವಿಲ್ಲ.

ಹಾಗಾದರೆ ತೊಡಕೇನು? ಅದನ್ನೂ ಅವನೇ ಹೇಳಿದನು. ಹಿಂದಿನ ಪಟ್ಟಿಯ ಸ್ಪ್ರಿಂಗು ಭಾರ ಹೊರುವುದಷ್ಟೇ ಅಲ್ಲ, ಆಕ್ಸಲನ್ನು ಅದರ ಸ್ಥಳದಲ್ಲಿ ಹಿಡಿದಿಡುವುದೂ ಅದೇ. ಅದನ್ನು ತೆಗೆದರೆ ಆಕ್ಸಲು ಅತ್ತಿತ್ತ ಸರಿಯದಂತೆ ಬೇರೆ ಕಂಬಿಗಳನ್ನು ಬೆಸೆಯಬೇಕು. ಆ ಬೆಸುಗೆ ಘಟ್ಟದಲ್ಲಿ ಬಿಟ್ಟರೆ ಗತಿಯೇನು? ಈ ಒಂದು ಪ್ರಶ್ನೆಗೆ ನೋಟುಬುಕ್ಕಿನಲ್ಲಿ ಉತ್ತರವಿರಲಿಲ್ಲ. ಗಾಲಿಯ ವಿಷಯದಲ್ಲಿ ನಮಗೂ ಒಂದು ಮಾತು ಹೊಳೆಯಿತು. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಡನ್‌ಲಪ್ ಗಾಳಿಯ ಟೈರಿಗೆ ಹಕ್ಕುಪತ್ರ ಪಡೆದುದು ಮಗನ ಸೈಕಲ್ಲು ಕುಲುಕುವುದನ್ನು ತಪ್ಪಿಸಹೊರಟ ಪ್ರಯತ್ನದಿಂದ. ಟೈರೇ ಗಾಡಿಯ ಮೊದಲನೆಯ ಗಾಳಿಚೀಲ. ಗಾಲಿ ದೊಡ್ಡದಾದಷ್ಟೂ ಟೈರು ತೆಳ್ಳಗಾಗಬೇಕು. ಮೇಲೆ ಹಣ ಕೊಟ್ಟು ತಂದ ಮೆತ್ತನೆಯನ್ನು ಕೆಳಗೆ ಕಳೆದುಕೊಂಡಂತಾಗುವುದು. ಇದನ್ನು ಕೇಳಿ ಅವನು ನಕ್ಕನು. "ಅದು ಚೆಂದಕ್ಕಣ್ಣಾ" ಎಂದು ಒಪ್ಪಿಕೊಂಡನು.

ಮಾರನೆಯ ದಿನ ಇಬ್ಬರೂ ಸಾರಿಗೆ ಕಚೇರಿಗೆ ಹೋದೆವು. 15 ವರ್ಷ ತುಂಬಿದ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕಷ್ಟೆ. ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಕಲಮಿನಂತೆ, ತಯಾರಕರು ಗೊತ್ತುಪಡಿಸಿದುದಕ್ಕಿಂತ ನೋಂದಣಿಪತ್ರದ ವಿವರಗಳು ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಲಾಗದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ಕೇಳದೆ ಮಾಡಿಸಿದ್ದರೆ ನವೀಕರಣಕ್ಕೂ ವಿಮೆಗೂ ತೊಂದರೆಯಾಗಬಹುದಿತ್ತು. ಅಧಿಕಾರಿಗಳು ಇದನ್ನೆಲ್ಲ ಸೌಜನ್ಯದಿಂದಲೇ ವಿವರಿಸಿದರು. ಹಿಂತಿರುಗುವ ದಾರಿಯಲ್ಲಿ ತಮ್ಮನು ಒಂದು ಮಾತನ್ನೂ ಆಡಲಿಲ್ಲ. ಗೆದ್ದೆವೆಂಬ ಭಾವ ನಮಗೂ ಬರಲಿಲ್ಲ.

ಕಡೆಗೆ ಅವನು ಹಳೆಯ ಪಟ್ಟಿಗಳನ್ನು ಬಿಚ್ಚಿ, ಮುರಿದುದನ್ನು ಬದಲಿಸಿ, ಬುಷ್ಷುಗಳನ್ನೂ ಶಾಕ್ ಅಬ್ಸಾರ್ಬರುಗಳನ್ನೂ ಹೊಸದಾಗಿ ಹಾಕಿದನು. ಮೂಲ ಗಾಲಿಗಳ ತುಕ್ಕನ್ನು ಉಜ್ಜಿ ಬೆಳ್ಳಿಯ ಬಣ್ಣ ಬಳಿದನು. ತಾಯಿಯವರು ಹತ್ತುವುದಕ್ಕೆ ಸಾಗುವಾನಿಯ ಮೆಟ್ಟಿಲೊಂದನ್ನು ಮಾಡಿಸಿದೆವು. ದಸರೆಯ ರಜೆಯಲ್ಲಿ ಊರಿಗೆ ಹೋದಾಗ ತಾಯಿಯವರು ಅನಮೋಡದಲ್ಲಿ ಕಣ್ಣು ತೆರೆದುಕೊಂಡೇ ಇದ್ದು, ಕಾಡನ್ನು ನೋಡಿದರು. ಗಾಡಿ ಕೆಳಗೆ ಬರಲಿಲ್ಲ. ಇಳಿಯುವಲ್ಲೆಲ್ಲ ತಮ್ಮನೇ ಬಾಗಿ ಮೆಟ್ಟಿಲನ್ನಿಟ್ಟನು.

ಆದರೂ ಆ ನೋಟುಬುಕ್ಕು ನಮ್ಮನ್ನು ಬಿಡಲಿಲ್ಲ. ರಜೆ ಮುಗಿದ ಮೇಲೆ, ಮುಖ್ಯಗುರುಗಳ ಅಪ್ಪಣೆ ಪಡೆದು, ಅವನನ್ನು ನಮ್ಮ ನಾಲ್ಕನೆಯ ಇಯತ್ತೆಗೆ ಕರೆದೊಯ್ದೆವು. ಮೊದಲು ಅವನು ಒಲ್ಲೆನೆಂದನು. ಶಾಲೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಂತಾಗ ಅವನ ಕೈ ನಡುಗುತ್ತಿದ್ದುದನ್ನು ಕಂಡೆವು. ಆದರೆ ಮೋಟಾರಿನ ಹಳೆಯ ಟ್ಯೂಬನ್ನು ನೆಲಕ್ಕಿಟ್ಟು, ಅದರ ಮೇಲೆ ಹಲಗೆಯನ್ನಿರಿಸಿ, ಹುಡುಗನೊಬ್ಬನನ್ನು ಕೂಡಿಸಿ, ಸೈಕಲ್ಲಿನ ಪಂಪಿನಿಂದ ಗಾಳಿ ಒತ್ತತೊಡಗಿದೊಡನೆ ನಡುಕ ನಿಂತಿತು. ಹುಡುಗನು ಮೆಲ್ಲಮೆಲ್ಲನೆ ಮೇಲೆದ್ದನು. ವರ್ಗವೆಲ್ಲ ಹೋ ಎಂದಿತು. "ಹುಡುಗ, ಹಲಗಿ ಕೂಡಿ 30 ಕಿಲೋ. ಹಲಗಿಗೆ ಹತ್ತಿದ ಟ್ಯೂಬಿನ ಜಾಗಾ 500 ಚದರ ಸೆಂಟಿಮೀಟರ್. ಒಂದೊಂದರ ಮ್ಯಾಲೆ ಎಷ್ಟು ಭಾರ?" ಎಂದು ಅವನು ಕೇಳಿದನು. ಭಾಗಾಕಾರವೆಂದರೆ ಮುಖ ತಿರುಗಿಸುತ್ತಿದ್ದ ಮಕ್ಕಳು ಪಾಟಿಯ ಮೇಲೆ ಬಾಗಿದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಮೊದಲು ಕೈ ಎತ್ತಿ, "60 ಗ್ರಾಂ" ಎಂದಳು.

ಗಂಟೆ ಬಾರಿಸಿತು. ಅವನು ಟ್ಯೂಬಿನ ಗಾಳಿ ಬಿಡುತ್ತಿರಲು ಅದೇ ಹುಡುಗಿ ಬಳಿಗೆ ಬಂದು, "ಸರ್, ನಾಳೆನೂ ಬರ್ತೀರೇನ್ರಿ?" ಎಂದು ಕೇಳಿದಳು. ತಮ್ಮನು ಹಿಂತಿರುಗಿ ನಮ್ಮ ಮುಖವನ್ನು ನೋಡಿದನು. ಅವಳು ಕರೆದುದು ನಮ್ಮನ್ನೆಂದು ಅವನು ತಿಳಿದಿದ್ದನು.