ಕಳಸವಿಲ್ಲದ ತೇರು

ಆ ವರ್ಷ ಮಳೆ ಕೈಕೊಟ್ಟಿತ್ತು. 2002ನೇ ಇಸವಿ. ಆಷಾಢವೆಲ್ಲ ಬರೀ ಗಾಳಿ, ಶ್ರಾವಣ ಬಂದರೂ ಬರೀ ಮೋಡ. ಹನುಮಂತನಗರದ ಬಾಡಿಗೆ ರೂಮಿನ ತಾರಸಿಯಲ್ಲಿ ನಿಂತು ಊರಿನ ಕಾಗದ ಓದಿಕೊಂಡು, ‘ಇನ್ನೂ ನಾಟಿ ಆಗಿಲ್ಲವಂತೆ ಕಣೋ’ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ರೂಮಿನಲ್ಲಿ ನಾಲ್ಕು ಜನ ಇದ್ದೆವೋ ಐವರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಒಬ್ಬ ಬಂದುಹೋಗಿ ಮಾಡುತ್ತಿದ್ದ.

ಧಾರವಾಡದ ಕಡೆಯ ಒಬ್ಬ ಗೆಳೆಯನಿದ್ದ. ಹೆಸರು ಹಿಡಿದು ಕರೆದದ್ದೇ ಕಮ್ಮಿ, ನಮಗೆಲ್ಲ ಅವನು ‘ಧಾರವಾಡ’. ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಒಂದು ಕಂಪ್ಯೂಟರ್ ಅವನ ಆಸ್ತಿ. ಊರಿನಿಂದ ಬಂದ ಕಡಕ್ ರೊಟ್ಟಿಯನ್ನು ಮುರಿದು, ಶೇಂಗಾ ಹಿಂಡಿಗೆ ಮೊಸರು ಕಲಸಿ ತಿನ್ನುತ್ತಾ, ಎಡಗೈಯನ್ನು ಮಾತ್ರ ಎಂಜಲು ಮಾಡಿಕೊಳ್ಳದೆ ಕೀಲಿಮಣೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದ. ಕೂತರೆ ಎದ್ದ ಅಂತ ಇಲ್ಲ. ತಮ್ಮೂರ ಜಾತ್ರೆಯ ತೇರನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಎಳೆದು ತೋರಿಸಬೇಕು ಎಂಬುದು ಅವನ ಹಟ.

ಅದಕ್ಕೆ ಅವನು ಬಳಸುತ್ತಿದ್ದುದು ಬ್ಲೆಂಡರ್ ಎಂಬ ತಂತ್ರಾಂಶ. ಆಗ ಅದು ಕೆಲವೇ ಎಂಬಿಯ ಪುಟ್ಟ ಕಡತ. ಸೈಬರ್ ಕೆಫೆಯಲ್ಲಿ ಇಳಿಸಿಕೊಂಡು, ಎರಡೋ ಮೂರೋ ಫ್ಲಾಪಿಗೆ ಒಡೆದು ತುಂಬಿ ತಂದಿದ್ದ. ದುಡ್ಡು ಕೊಟ್ಟು ಕೊಳ್ಳುವ ತ್ರೀಡಿ ತಂತ್ರಾಂಶಗಳಿಗೆ ಲಕ್ಷಗಟ್ಟಲೆ ಬೆಲೆ ಇದ್ದ ಕಾಲ. ಇದು ಪುಕ್ಕಟೆ.

ರಾತ್ರಿಯಿಡೀ ಆ ಯಂತ್ರ ಗುಂಯ್ ಎನ್ನುತ್ತಿತ್ತು. ಒಂದೊಂದು ಚಿತ್ರ ಮೂಡಲಿಕ್ಕೂ ನಿಮಿಷಗಟ್ಟಲೆ ಬೇಕು. ಕೆಳಗಿನ ಮನೆಯ ಅಜ್ಜಿ, ಅವರೇ ಮನೆ ಮಾಲೀಕರು, ಒಂದು ಬೆಳಿಗ್ಗೆ ಮೆಟ್ಟಿಲ ಬಳಿ ತಡೆದು ಕೇಳಿದರು: “ರಾತ್ರಿಯೆಲ್ಲ ಆ ಡಬ್ಬ ಯಾಕಪ್ಪ ಉರೀತಿರುತ್ತೆ?” ಇವನು, “ತೇರು ಕಟ್ಟಾಕತ್ತೇನ್ರಿ ಅಜ್ಜಿ” ಎಂದ. ಅಜ್ಜಿ ಮತ್ತೆ ಕರೆಂಟು ಬಿಲ್ಲಿನ ಮಾತೆತ್ತಲಿಲ್ಲ. ಅಂದಿನಿಂದ ದಿನಾ ರಂಗೋಲಿ ಹಾಕುತ್ತಾ, “ತೇರು ಎಲ್ಲಿಗೆ ಬಂತಪ್ಪ?” ಎಂದು ವಿಚಾರಿಸುವರು.

ಒಂದು ಸಂಜೆ ಅವನು ಸೈಬರ್ ಕೆಫೆಯಿಂದ ಬಂದವನೇ ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲಿ ನಿಂತ. “ಲೇ, ಕಂಪನಿ ಮುಚ್ಚಿತು ಅಂತ ಗೊತ್ತಿತ್ತಲ್ಲ, ಈಗ ಬ್ಲೆಂಡರ್ ಬಿಡಿಸ್ಕೊಳ್ಳಾಕ ವಂತಿಗಿ ಎತ್ತಾಕತ್ತಾರ. ಒಂದು ಲಕ್ಷ ಯುರೋ!”

ಅದರ ಕಥೆ ಸ್ವಲ್ಪ ಹೇಳಬೇಕು. ಹಾಲೆಂಡಿನಲ್ಲಿ ಟಾನ್ ರೋಸೆಂಡಾಲ್ ಎಂಬಾತ ನಿಯೋಜಿಯೋ ಎಂಬ ಆನಿಮೇಶನ್ ಸ್ಟುಡಿಯೋ ನಡೆಸುತ್ತಿದ್ದ. ಅಲ್ಲಿನ ಕೆಲಸಕ್ಕೆಂದು ತೊಂಬತ್ತರ ದಶಕದ ನಡುವಿನಲ್ಲಿ ಕಟ್ಟಿದ ಸಲಕರಣೆಯೇ ಬ್ಲೆಂಡರ್. 1998ರಲ್ಲಿ ಅದಕ್ಕೆಂದೇ ‘ನಾಟ್ ಎ ನಂಬರ್’ ಎಂಬ ಕಂಪನಿ ಶುರುವಾಯಿತು. ಎರಡು ವರ್ಷಕ್ಕೆ ಹೂಡಿಕೆದಾರರಿಂದ 45 ಲಕ್ಷ ಯುರೋ ಬಂತು. ಆಮೇಲೆ ಡಾಟ್‌ಕಾಮ್ ಕುಸಿತ, ವ್ಯಾಪಾರ ಕೈಹಿಡಿಯಲಿಲ್ಲ, 2002ರ ಮೊದಲಿಗೇ ಬಾಗಿಲು ಮುಚ್ಚಿದರು. ತಂತ್ರಾಂಶದ ಹಕ್ಕು ಹೂಡಿಕೆದಾರರ ಕೈಯಲ್ಲಿ ಉಳಿಯಿತು. ಬ್ಲೆಂಡರ್ ಅಲ್ಲಿಯವರೆಗೆ ಪುಕ್ಕಟೆ ಸಿಗುತ್ತಿತ್ತೇ ಹೊರತು ಅದರ ಸೋರ್ಸ್ ಕೋಡ್, ಅಂದರೆ ಅದನ್ನು ಕಟ್ಟಿದ ಮೂಲ ಬರಹ, ಯಾರಿಗೂ ಸಿಗುತ್ತಿರಲಿಲ್ಲ. ಧಾರವಾಡ ನಮಗೆ ತಿಳಿಸಿ ಹೇಳಿದ್ದು ಹೀಗೆ: “ಇಷ್ಟು ದಿನ ನೀರು ಸೇದ್ಕೊಂಡ್ವಿ. ಬಾವಿ ಮಾತ್ರ ಇನ್ನೊಬ್ಬರ ಹಿತ್ತಲದಾಗಿತ್ತು. ಈಗ ಹಿತ್ತಲದ ಬಾಗಿಲಿಗೆ ಕೀಲಿ ಬಿದ್ದೈತಿ.” ಬರದ ವರ್ಷ ಬೇರೆ. ಆ ಮಾತು ನಮಗೆ ಚೆನ್ನಾಗಿಯೇ ನಾಟಿತು.

ಟಾನ್ ಸುಮ್ಮನೆ ಕೂರಲಿಲ್ಲ. ಬ್ಲೆಂಡರ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿ, 1 ಲಕ್ಷ ಯುರೋ ಕೊಟ್ಟರೆ ಕೋಡನ್ನು ಬಿಟ್ಟುಕೊಡುವುದಕ್ಕೆ ಹೂಡಿಕೆದಾರರನ್ನು ಒಪ್ಪಿಸಿದ. ಕೆಲಸ ಕಳೆದುಕೊಂಡಿದ್ದ ಹಳೆಯ ಸಹೋದ್ಯೋಗಿಗಳೂ ಜೊತೆ ನಿಂತರು. ಜುಲೈ 18ಕ್ಕೆ ಅಂತರಜಾಲದಲ್ಲಿ ವಂತಿಗೆ ಎತ್ತಲು ಶುರು. 1 ಲಕ್ಷ ಯುರೋ ಎಂದರೆ ಅಂದಿನ ಲೆಕ್ಕದಲ್ಲಿ ನಮ್ಮ ಐವತ್ತು ಲಕ್ಷ ರೂಪಾಯಿಗೆ ಸ್ವಲ್ಪ ಕಮ್ಮಿ. ಇಂಥ ದೊಡ್ಡ ಮೊತ್ತವನ್ನು ಮುಖ ಕಾಣದ ಜನ ಚೂರು ಚೂರು ಕೂಡಿಸಿ ಕೊಡುತ್ತಾರೆಂದು ನಂಬುವುದಕ್ಕೆ ಆಗ ಯಾವ ಮೇಲ್ಪಂಕ್ತಿಯೂ ನಮ್ಮ ಕಣ್ಣೆದುರಿಗೆ ಇರಲಿಲ್ಲ. ಊರ ತೇರಿಗೆ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಬರುವುದೊಂದನ್ನು ಬಿಟ್ಟರೆ.

ನಾವೂ 50 ಯುರೋ ಕೊಡೋಣ ಎಂದು ತೀರ್ಮಾನವಾಯಿತು. ಎರಡು ಸಾವಿರದ ನಾನೂರು ರೂಪಾಯಿ ಹತ್ತಿರ. ನಾನು ಐನೂರು ಹಾಕಿದೆ, ಉಳಿದವರು ಅವರವರ ಶಕ್ತಿಯಂತೆ. ಬೈ ಟು ಕಾಫಿ ನಿಂತಿತು. ಸಂಜೆಯ ಮಸಾಲೆದೋಸೆಯ ಜಾಗಕ್ಕೆ ರೂಮಿನ ಉಪ್ಪಿಟ್ಟು ಬಂತು. ನಾವು ನೋಟು ಎಣಿಸುತ್ತಿದ್ದಾಗ ಹುರಿಗಾಳು ಕೊಡಲೆಂದು ಮೇಲೆ ಬಂದ ಅಜ್ಜಿ ಏನೆಂದು ಕೇಳಿದರು. ಹೇಳಿದೆವು. “ನನಗದೆಲ್ಲ ತಿಳಿಯಲ್ಲ. ತೇರಿಗೆ ತಾನೆ?” ಎಂದು ಕೆಳಗೆ ಹೋದವರು ಐವತ್ತರ ನೋಟನ್ನೂ ಒಂದು ರೂಪಾಯಿಯ ನಾಣ್ಯವನ್ನೂ ತಂದು ಕೊಟ್ಟರು. ನಾಣ್ಯಕ್ಕೆ ಅರಿಶಿನದ ಬೆರಳು ಅಂಟಿತ್ತು.

ಹಣವೇನೋ ಕೂಡಿತು, ಕಳಿಸುವುದು ಹೇಗೆ? ಹೊರದೇಶಕ್ಕೆ ಕಟ್ಟಲು ಆಗುವ ಕ್ರೆಡಿಟ್ ಕಾರ್ಡು ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಧಾರವಾಡನ ಅಕ್ಕ, ಭಾವ ಆಗ ಹಾಲೆಂಡಿನ ಐಂಡ್‌ಹೋವನ್‌ನಲ್ಲಿದ್ದರು. ಭಾನುವಾರ ಅಜ್ಜಿಯ ಮನೆಯ ಫೋನಿಗೆ ಅಕ್ಕನ ಕರೆ ಬರುವ ವಾಡಿಕೆ. ನಾವೆಲ್ಲ ಸುತ್ತ ನೆರೆದಿದ್ದೆವು. ಅಕ್ಕ ಕೇಳಿದ್ದು ನಮಗೂ ಕೇಳಿಸಿತು: “ಪುಕ್ಕಟ ಸಿಗೂದಕ್ಕ ರೊಕ್ಕ ಯಾಕ ಕೊಡ್ತಿ?” ಇವನು ತಡವರಿಸಲಿಲ್ಲ. “ನನಗ ಸಿಗಲಿ ಅಂತಲ್ಲ ಅಕ್ಕಾ. ಎಲ್ಲಾರದೂ ಆಗಲಿ ಅಂತ.” ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, “ನಾ ಕಟ್ತೀನಿ ತಗೋ. ನಿಮ್ಮ ರೊಕ್ಕ ನನಗ ಬ್ಯಾಡ, ಅವ್ವನ ಕೈಯಾಗ ಕೊಡು. ಈ ಸಲ ಬೆಳಿ ಇಲ್ಲ” ಎಂದಳು.

ಹೀಗೆ ಹಣ ಕೊಟ್ಟವರ ಮಾತು ಬಂದರೆ ನನಗೆ ಇನ್ನೊಂದು ನೆನಪಾಗುತ್ತದೆ. ಎರಡು ವರ್ಷದ ಮೇಲೆ, 2004ರ ಡಿಸೆಂಬರಿನಲ್ಲಿ, ಫೈರ್‌ಫಾಕ್ಸ್ ಎಂಬ ಬ್ರೌಸರಿನ ಬಳಗದವರು ಹೀಗೇ ಹಣ ಕೂಡಿಸಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಎರಡು ಪುಟದ ಜಾಹೀರಾತು ಕೊಟ್ಟರು. ಕಾಸು ಕೊಟ್ಟ ಸುಮಾರು ಹತ್ತು ಸಾವಿರ ಜನರ ಹೆಸರನ್ನೂ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚುಹಾಕಿಸಿದ್ದರು. ಅದು ಒಳ್ಳೆಯ ಕೆಲಸವೇ. ನನ್ನ ಮನಸ್ಸಿಗೆ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲದ ಅಜ್ಜಿಯ ಐವತ್ತೊಂದು ರೂಪಾಯಿ ಹೆಚ್ಚು.

ಇರಲಿ, ಬಿಟ್ಟಲ್ಲಿಗೆ ಬರುತ್ತೇನೆ. ಏಳೇ ವಾರ ಹಿಡಿದದ್ದು, 1 ಲಕ್ಷ ಯುರೋ ಕೂಡಿಬಿಟ್ಟಿತು. ಅಕ್ಟೋಬರ್ 13ರ ಭಾನುವಾರ ಬ್ಲೆಂಡರಿನ ಕೋಡು ಜಿಪಿಎಲ್ ಪರವಾನಗಿಯಡಿ ಎಲ್ಲರ ಕೈಗೂ ಬಂತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದವರು ತಮ್ಮ ತಿದ್ದುಪಡಿಯನ್ನೂ ಹಾಗೆಯೇ ತೆರೆದಿಡಬೇಕು. ಇತ್ತ ಊರೆಲ್ಲ ಕಾವೇರಿ ಗಲಾಟೆಯ ಬಿಸಿ, ನಡುವೆ ದಸರೆ. ಆಯುಧಪೂಜೆಗೆ ಅಜ್ಜಿ ತಾವೇ ಮೇಲೆ ಬಂದು ಕಂಪ್ಯೂಟರಿಗೆ ವಿಭೂತಿ ಎಳೆದು ಕುಂಕುಮವಿಟ್ಟು, ಕೀಲಿಮಣೆಯ ಮೇಲೆ ಸೇವಂತಿಗೆ ಇಟ್ಟರು. ಅಂದು ಕೆಳಗಿನ ಮನೆಯಲ್ಲೇ ಊಟ. ಒಬ್ಬಟ್ಟಿತ್ತು, ಹುಳಿ ಇತ್ತು, ಕೋಸಂಬರಿಗೆ ಮಾವಿನಕಾಯಿ ಇರಲಿಲ್ಲವೆಂದು ಅಜ್ಜಿ ಪೇಚಾಡಿದರು.

ತೇರು ಅಷ್ಟು ಹೊತ್ತಿಗೆ ಮುಗಿದಿರಬೇಕಿತ್ತು. ಮುಗಿದಿರಲಿಲ್ಲ. ಆಗಿನ ಬ್ಲೆಂಡರಿನಲ್ಲಿ ಅಳಿಸಿದ್ದನ್ನು ಮರಳಿ ತರುವ ಸೌಕರ್ಯ ಇರಲಿಲ್ಲ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಅವನು ಎಕ್ಸ್ ಕೀಲಿ ಒತ್ತಿದ, ಅಳಿಸಲೇ ಎಂದು ಅದು ಕೇಳಿತು, ಎಂಟರ್ ಒತ್ತಿದ. ಹಾಗೇ ಸೇವ್ ಕೂಡ ಮಾಡಿ ಮಲಗಿದ. ಬೆಳಿಗ್ಗೆ ನೋಡಿದರೆ, ವಾರಗಟ್ಟಲೆ ಕೂತು ತಿದ್ದಿದ ಕಳಸ ಮಾಯ. “ನಾಳೆ ಮಾಡ್ತೀನಿ” ಎಂದ. ನಾಳೆ ಎಂಬುದು ಕೆಲಸ, ಮದುವೆ, ಊರು ಬದಲಾವಣೆಯಲ್ಲಿ ಕಳೆದುಹೋಯಿತು. ಅಜ್ಜಿಯೂ ಹೋದರು. ತೇರು ಎಳೆದದ್ದನ್ನು ಅವರಿಗೆ ತೋರಿಸಲಾಗಲಿಲ್ಲ ಎಂಬ ನೋವು ನಮ್ಮೆಲ್ಲರಿಗೂ ಉಳಿದಿದೆ.

2025ರ ಮಾರ್ಚಿನಲ್ಲಿ ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ನಿರ್ದೇಶಿಸಿದ ‘ಫ್ಲೋ’ ಚಿತ್ರಕ್ಕೆ ಆನಿಮೇಶನ್ ವಿಭಾಗದ ಆಸ್ಕರ್ ಬಂತು. ಒಂದು ಬೆಕ್ಕು, ಒಂದು ದೋಣಿ, ಸುತ್ತ ಪ್ರವಾಹ. ಮಾತೇ ಇಲ್ಲದ ಚಿತ್ರ. ಅದನ್ನು ಮಾಡಿದ್ದು ಬ್ಲೆಂಡರಿನಲ್ಲಿ. ಆ ಸಂಜೆ ಹುಬ್ಬಳ್ಳಿಯಿಂದ ಫೋನು ಬಂತು. ಧಾರವಾಡನ ದನಿ ಕಟ್ಟಿತ್ತು. ಅಟ್ಟದ ಡಬ್ಬಿಯಲ್ಲಿ ಹಳೆಯ ಸಿಡಿ ಸಿಕ್ಕಿದೆ, ಹಾಕಿ ನೋಡುತ್ತಿದ್ದೇನೆ ಎಂದ. ಇಪ್ಪತ್ತಮೂರು ವರ್ಷದ ಹಿಂದಿನ ಕಡತ ಹೊಸ ಬ್ಲೆಂಡರಿನಲ್ಲಿ ತೆರೆಯಿತು. ಬೆಳಕೆಲ್ಲ ಕೆಟ್ಟಿತ್ತು, ಬಣ್ಣ ಬೇರೆಯಾಗಿತ್ತು. ನನಗೊಂದು ಚಿತ್ರ ಕಳಿಸಿದ. ಗಾಲಿ ನಾಲ್ಕೂ ಇದ್ದವು, ಹಗ್ಗ ಇತ್ತು, ಮೇಲಿನ ಬಾವುಟವೂ ಇತ್ತು. ಕಳಸ ಇರಲಿಲ್ಲ.