ಬಿಸಿಲು ತೋರಿಸಿದ ತವರು

ಬೇಸಿಗೆ ರಜ ಬಂತೆಂದರೆ ನೀವೆಲ್ಲ ಎಲ್ಲಿಗೆ ಹೋಗುತ್ತೀರಿ? ಊಟಿಗೋ, ಕೊಡಗಿಗೋ, ಇಲ್ಲವೇ ತವರಿಗೋ, ಅಲ್ಲವೇ? ನಾವು ಮಾತ್ರ ಸುಡುವ ಏಪ್ರಿಲ್ ತಿಂಗಳಿನಲ್ಲಿ, ಎಲೆ ಉದುರಿ ಬೋಳಾದ ಕಾಡು ನೋಡಲು ಹಳೆಯ ವ್ಯಾನ್ ಹತ್ತಿದೆವು. ನಮ್ಮ ಬೀದಿಯವರೆಲ್ಲ ನಕ್ಕರು. ನೀವೂ ನಗಬಹುದು. ಆದರೆ ಪೂರ್ತಿ ಕೇಳಿ ಆಮೇಲೆ ನಗಿ.

ನಮ್ಮದು ಹೆಗ್ಗಡದೇವನಕೋಟೆಯ ಪಕ್ಕದ ಹ್ಯಾಂಡ್‌ಪೋಸ್ಟ್. ಹೆಸರೇ ಕೈಮರ! ಇಲ್ಲಿಂದ ಒಂದು ದಾರಿ ಮೈಸೂರಿಗೆ, ಒಂದು ಸರಗೂರಿಗೆ, ಇನ್ನೊಂದು ಅಂತರಸಂತೆ ಹಾದು ನಾಗರಹೊಳೆ ಕಾಡಿನೊಳಗಿಂದ ಕೇರಳದ ಗಡಿಯ ಬಾವಲಿಗೆ. ದಿನಾ ದೂರದೂರಿನ ಕಾರುಗಳು ನಮ್ಮ ಬಾಗಿಲ ಮುಂದೆಯೇ ಹುಲಿ ನೋಡಲು ಹೋಗುತ್ತವೆ. ಮದುವೆಯಾಗಿ ಬಂದು 24 ವರ್ಷವಾದರೂ ನಾನು ಮಾತ್ರ ಒಲೆಯ ಮುಂದೆಯೇ ಇದ್ದೆ.

ಆಸೆ ಹತ್ತಿಸಿದವನು ನನ್ನ ಮಗ. ಆಸ್ಟ್ರೇಲಿಯಾದಲ್ಲಿ ಗಾಲಿಯ ಮೇಲಿನ ಮನೆಯನ್ನೇ ಕಾರಿಗೆ ಕಟ್ಟಿಕೊಂಡು, ಉಲುರು, ಕಾಕಡು ಎಂಬ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತುವವರ ಚಿತ್ರ ತೋರಿಸಿದ. ಆ ಮನೆಯೊಳಗೆ ಒಲೆ, ಹಾಸಿಗೆ ಎಲ್ಲ ಇದೆ. "ನಮಗೂ ವ್ಯಾನ್ ಇದೆಯಲ್ಲಮ್ಮ" ಅಂದ. ಅಲ್ಲಿಯ ಜನ ಕೂಡ ತಂಪಿರುವ ಜೂನ್, ಜುಲೈ ನೋಡಿಯೇ ಹೆಚ್ಚಾಗಿ ಹೊರಡುತ್ತಾರಂತೆ. ನಮ್ಮವರೂ "ಮಳೆ ಮುಗಿದು ತಂಪಾಗಲಿ, ನೋಡೋಣ" ಅಂದರು.

ಆಗ ಮೂಲೆಯಲ್ಲಿ ಅವರೆಕಾಳು ಆರಿಸುತ್ತಿದ್ದ ನಮ್ಮ ಅತ್ತೆ ತಲೆಯೆತ್ತಿ, "ಬೇಸಿಗೇಲೇ ಹೋಗೋದಾದ್ರೆ ನಾನೂ ಬರ್ತೀನಿ" ಅಂದರು. ಎಪ್ಪತ್ತೈದು ದಾಟಿದ ಜೀವ! ನಾವೆಲ್ಲ ಮುಖ ಮುಖ ನೋಡಿಕೊಂಡೆವು.

ಅತ್ತೆಯ ತವರು ಕಬಿನಿ ನೀರಿನಲ್ಲಿ ಮುಳುಗಿದ ಊರು. ಹೆಸರು ಹೇಳಿ ಪ್ರಯೋಜನವಿಲ್ಲ, ಯಾವ ಬಸ್ಸಿನ ಬೋರ್ಡಿನ ಮೇಲೂ ಈಗ ಅದಿಲ್ಲ. 1974ರಲ್ಲಿ ಅಣೆಕಟ್ಟೆ ಮುಗಿಯಿತು. ಅವರ ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ಒಮ್ಮೆ ಅತ್ತೆ "ಊರು ನೋಡಬೇಕು" ಅಂದಿದ್ದರು. ಬಿಸಿಲಿನಲ್ಲಿ ಅವರಿಗೆ ತೊಂದರೆಯಾಗಬಾರದೆಂದು ನಾವು ಎರಡು ಸಲ ಡಿಸೆಂಬರ್‌ನಲ್ಲಿ, ಸ್ವೆಟರ್ ಹಾಕಿಸಿ, ಹಿನ್ನೀರಿನ ದಡಕ್ಕೆ ಕರೆದುಕೊಂಡು ಹೋಗಿದ್ದೆವು. ಎರಡು ಸಲವೂ ಅವರು ಸ್ವಲ್ಪ ಹೊತ್ತು ನೀರು ನೋಡಿ, "ಆಯ್ತು, ನಡೀರಿ" ಅಂದಿದ್ದರು. ಆಸೆ ತೀರಿತು ಎಂದುಕೊಂಡಿದ್ದೆ.

ಸರಿ, ಹೊರಡುವ ತಯಾರಿ. ಕಾಡಿನಲ್ಲಿ ಒಲೆ ಹಚ್ಚುವ ಹಾಗಿಲ್ಲ. ಒಂದು ಕಿಡಿ ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ವಾಯುಪಡೆಯ ಹೆಲಿಕಾಪ್ಟರ್ ತಂದು ನೀರು ಸುರಿಯಬೇಕಾಯಿತು. ಹಾಗಾಗಿ ಪುಳಿಯೋಗರೆ, ಹುರಿಹಿಟ್ಟು, ಸೌತೆಕಾಯಿ ಸ್ಟೀಲ್ ಡಬ್ಬಿಗಳಲ್ಲಿ ತುಂಬಿದೆ. ಒಂದು ಲೋಟ ಹುಳಿಯಿಲ್ಲದ ಮೊಸರಿಗೆ ನಾಲ್ಕು ಲೋಟ ನೀರು, ಜಜ್ಜಿದ ಶುಂಠಿ, ಕರಿಬೇವು, ಉಪ್ಪು, ಚಿಟಿಕೆ ಇಂಗು ಹಾಕಿ ಮಜ್ಜಿಗೆ ಮಾಡಿದೆ. ಕೊಡಕ್ಕೆ ಒದ್ದೆ ಬಟ್ಟೆ ಸುತ್ತಿದರೆ ಮಧ್ಯಾಹ್ನದವರೆಗೂ ತಣ್ಣಗಿರುತ್ತೆ, ನೀವೂ ಮಾಡಿ ನೋಡಿ.

ಮೊದಲ ದಿನ ಸರಗೂರು, ಹೆಡಿಯಾಲದ ಮೇಲೆ ಗುಂಡ್ಲುಪೇಟೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡುವುದಿಲ್ಲ, ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಮೇಲಿಂದ ನೋಡಿದರೆ ಕಾಡೆಲ್ಲ ಹುರಿದ ರವೆಯ ಬಣ್ಣ! ಆಮೇಲೆ ಬಂಡೀಪುರದ ರಸ್ತೆಯಲ್ಲಿ ಒಂದಷ್ಟು ದೂರ ಹೋಗಿ ಬಂದೆವು. ಲಂಟಾನ ಒಣಗಿ ಕಡ್ಡಿಯಾಗಿತ್ತು, ತೇಗದ ಮರಗಳು ಬರಿಗೈಯಲ್ಲಿ ನಿಂತಿದ್ದವು. ಎಲೆಯಿಲ್ಲದ್ದರಿಂದಲೇ ಜಿಂಕೆ, ಕಾಟಿ ದೂರದಿಂದಲೂ ಕಂಡವು. ಈ ದಾರಿಯಲ್ಲಿ ಗಾಡಿ ನಿಲ್ಲಿಸಬಾರದು, ಪ್ರಾಣಿಗಳಿಗೆ ತಿಂಡಿ ಎಸೆಯಬಾರದು. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವೂ ಇಲ್ಲ. ರಾತ್ರಿ ಗುಂಡ್ಲುಪೇಟೆಯ ನೆಂಟರ ಮನೆಯಲ್ಲಿ ಉಳಿದೆವು. ಅತ್ತೆ ಒಂದು ತುತ್ತು ಉಂಡು ಕೈತೊಳೆದರು. ನನಗೆ ಹೆದರಿಕೆಯಾಯಿತು.

ಎರಡನೆಯ ದಿನ ವಾಪಸು ಬಂದು, ನಮ್ಮ ಮನೆಯ ಮುಂದೆಯೇ ಹಾದು, ಬಾವಲಿ ರಸ್ತೆ ಹಿಡಿದೆವು. ದಮ್ಮನಕಟ್ಟೆ ದಾಟಿದರೆ ಕಾಕನಕೋಟೆ ಕಾಡು. ಇಲ್ಲಿ ಹಿಂದೆ ಖೆಡ್ಡಾ ಮಾಡಿ ಆನೆ ಹಿಡಿಯುತ್ತಿದ್ದರು, ಕೊನೆಯದು 1971ರಲ್ಲಿ. "ತಮಟೆ ಸದ್ದು ನಮ್ಮೂರಿಗೆ ಕೇಳೋದು" ಅಂದರು ಅತ್ತೆ. ಬಳ್ಳೆಯ ಆನೆ ಶಿಬಿರ ಬಂತು. ಎಂಟು ಸಲ ಅಂಬಾರಿ ಹೊತ್ತ ಅರ್ಜುನ ಇದ್ದದ್ದು ಇಲ್ಲೇ. 2023ರ ಡಿಸೆಂಬರ್‌ನಲ್ಲಿ ಅವನು ಸಕಲೇಶಪುರದ ಕಡೆ ಕಾಡಾನೆಯೊಂದಿಗೆ ಕಾದಾಡಿ ಸತ್ತಾಗ ನಮ್ಮ ಬೀದಿಯಲ್ಲಿ ಹೆಂಗಸರು ಕಣ್ಣೀರು ಹಾಕಿದ್ದರು.

ಅಲ್ಲಿಂದ ತಿರುಗಿ ಅಂತರಸಂತೆ ಹತ್ತಿರ ಬರುವಷ್ಟರಲ್ಲಿ ವ್ಯಾನಿನಿಂದ ಬುಸ್ ಅಂತ ಹಬೆ! ಬೆಳಿಗ್ಗೆ ರೇಡಿಯೇಟರಿಗೆ ನೀರು ಹಾಕಲು ನಮ್ಮವರು ಮರೆತಿದ್ದರು. ಹುಣಸೆ ಮರದ ಕೆಳಗೆ ಒಂದು ಗಂಟೆ ಕೂತು, ತಣ್ಣಗಾದ ಮೇಲೆ ನೀರು ತುಂಬಿದೆವು. ಬಿಸಿಲು ನೆತ್ತಿ ಸುಡುತ್ತಿತ್ತು. ಮುಖ ಕೆಂಪಾದ ನಮ್ಮವರು, "ಸಾಕು, ಮನೆಗೆ ಹೋಗೋಣ. ಹಿನ್ನೀರು ಎಲ್ಲಿಗೂ ಓಡಿಹೋಗಲ್ಲ, ಮಳೆಗಾಲ ಕಳೀಲಿ" ಅಂದರು. ಅತ್ತೆ ಏನೂ ಹೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಗೌರಿ ಹಬ್ಬಕ್ಕೆ ನನ್ನ ತವರಿನಿಂದ ಕರೆ ಬರುವುದು ತಡವಾದರೆ ನಾನೂ ಹಾಗೇ ಮಾಡುತ್ತೇನೆ. ಯಾಕೋ ಗಂಟಲು ತುಂಬಿ ಬಂತು. ಸಾಮಾನ್ಯವಾಗಿ ಎದುರು ಮಾತಾಡದ ನಾನು, "ಇಲ್ಲ, ಇವತ್ತೇ ಹೋಗೋಣ" ಅಂದೆ.

ಭೀಮನಕೊಲ್ಲಿ ಮಹದೇಶ್ವರನ ಗುಡಿಗೆ ಕೈಮುಗಿದು ದಡಕ್ಕೆ ಬಂದರೆ, ಏನು ಹೇಳಲಿ! ಡಿಸೆಂಬರ್‌ನಲ್ಲಿ ಸಮುದ್ರದ ಹಾಗಿದ್ದ ನೀರು ಎಷ್ಟೋ ದೂರ ಹಿಂದೆ ಸರಿದಿತ್ತು. ನೀರು ಬಿಟ್ಟುಕೊಟ್ಟ ನೆಲದಲ್ಲಿ ಹಸಿರು ಹುಲ್ಲು. ಸುತ್ತಲಿನ ಕಾಡು ಒಣಗಿದಾಗ ಈ ಹುಲ್ಲಿಗೂ ನೀರಿಗೂ ಆನೆಗಳು ಹಿಂಡು ಹಿಂಡಾಗಿ ಬರುತ್ತವೆ. ಅಲ್ಲಲ್ಲಿ ಮುಳುಗಿದ್ದ ಮರಗಳ ಬೋಳು ಬೊಡ್ಡೆಗಳು ಎದ್ದು ನಿಂತಿದ್ದವು.

ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಅಗೋ, ಆ ಜೋಡಿ ಬೊಡ್ಡೆ ಕಾಣುತ್ತಾ? ಅದರ ಎಡಕ್ಕೆ ನಮ್ಮ ಕಣ. ಈಚೆಗೆ ಬಾವಿ. ಅದೇ ದಾರೀಲಿ ನನ್ನ ಗಾಡಿ ಹತ್ತಿಸಿ ಕಳಿಸಿದ್ರು" ಅಂದರು. ದೂರದಲ್ಲಿ ಮೂರು ಆನೆ ಮೇಯುತ್ತಿದ್ದವು. "ನೋಡು, ನಮ್ಮಪ್ಪನ ಹೊಲದಲ್ಲಿ ಮೇಯ್ತಾವೆ" ಅಂತ ನಕ್ಕರು.

"ಡಿಸೆಂಬರ್‌ನಲ್ಲಿ ಬಂದಾಗ ಯಾಕೆ ಹೇಳಲಿಲ್ಲ ಅತ್ತೆ?" ಅಂದೆ.

"ಆಗ ಊರಿನ ಮೇಲೆ ನೀರಿತ್ತಲ್ಲಮ್ಮ. ನೀವು ಅಷ್ಟು ಪ್ರೀತಿಯಿಂದ ಕರ್ಕೊಂಡು ಬಂದಿದ್ರಿ. ಏನೂ ಕಾಣಲಿಲ್ಲ ಅಂತ ಹೇಗೆ ಹೇಳ್ಲಿ?"

ನನಗೆ ಮಾತೇ ಹೊರಡಲಿಲ್ಲ. ಅವರಿಗೆ ಬಿಸಿಲು ತಾಗಬಾರದು ಎಂದುಕೊಂಡೆವು ನಿಜ. ಆದರೆ ಯಾವಾಗ ಹೋಗೋಣ ಅಂತ ಒಮ್ಮೆಯೂ ಅವರನ್ನು ಕೇಳಿರಲಿಲ್ಲ.

ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆ. ಎರಡು ದಿನದಿಂದ ತುತ್ತು ತುತ್ತು ಉಣ್ಣುತ್ತಿದ್ದ ಅತ್ತೆ ಪುಳಿಯೋಗರೆ ಎರಡನೆಯ ಸಲ ಹಾಕಿಸಿಕೊಂಡರು. "ತವರಲ್ಲಿ ಉಂಡ ಹಾಗಾಯ್ತು" ಅಂದರು. ಬಾವಲಿ ರಸ್ತೆಯ ಕಾಡಿನ ಗೇಟು ಸಂಜೆ 6ಕ್ಕೆ ಮುಚ್ಚುವ ಹೊತ್ತಿಗೆ ನಾವು ಮನೆಯಲ್ಲಿದ್ದೆವು. ಮೈಯೆಲ್ಲ ಧೂಳು, ಮಗನ ಮೂಗು ಸುಟ್ಟು ಕಪ್ಪಾಗಿತ್ತು. ಆ ರಾತ್ರಿ ಅತ್ತೆ ಬೇಗ ನಿದ್ದೆ ಹೋದರು.

ಜೂನ್‌ನಲ್ಲಿ ವಯನಾಡಿನ ಕಡೆ ಮಳೆ ಹಿಡಿಯಿತು, ಕಬಿನಿ ತುಂಬಿತು, ಜೋಡಿ ಬೊಡ್ಡೆ ಮತ್ತೆ ಮುಳುಗಿದವು. ಮುಂದಿನ ಏಪ್ರಿಲ್‌ಗೆ ಪುನಃ ಹೋಗುವುದೆಂದು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇವೆ. ಈ ಸಲ ರೇಡಿಯೇಟರಿಗೆ ನೀರು ಹಾಕುವ ಕೆಲಸ ನನ್ನದು!

ನಿಮ್ಮ ಮನೆಯಲ್ಲೂ ಹಿರಿಯರಿದ್ದಾರಲ್ಲ? ಅವರನ್ನು ಎಲ್ಲಿಗೆ ಹೋಗಬೇಕು ಅಂತ ಮಾತ್ರ ಕೇಳಬೇಡಿ. ಯಾವಾಗ ಹೋಗಬೇಕು ಅಂತಲೂ ಒಂದು ಮಾತು ಕೇಳಿ ನೋಡಿ.