ಹಣ್ಣು ತಿಂದುಕೊಂಡು ಚಾರ್ಮಾಡಿ ಘಟ್ಟ ಇಳಿಯುವವರಿಗೆ

ಶಿವರಾತ್ರಿ ಬಂತೆಂದರೆ ಚಳಿ "ಶಿವಶಿವಾ" ಅಂತ ಹೊರಟುಹೋಗುತ್ತದೆ ಎಂದು ಹಿರಿಯರು ಹೇಳುವುದುಂಟು. ಚಳಿ ಹೊರಡುವ ಆ ಹೊತ್ತಿಗೇ ನಮ್ಮ ನಾಡಿನ ರಸ್ತೆಗಳಲ್ಲಿ ಜನರೂ ಹೊರಡುತ್ತಾರೆ. ಬೆಂಗಳೂರು, ಮಂಡ್ಯ, ಹಾಸನ, ಚಿಕ್ಕಮಗಳೂರು ಕಡೆಗಳಿಂದ ಸಾವಿರಾರು ಮಂದಿ ಹೆಗಲಿಗೊಂದು ಚೀಲ ಹಾಕಿಕೊಂಡು ಧರ್ಮಸ್ಥಳದ ಮಂಜುನಾಥಸ್ವಾಮಿಯ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಸಾಗುತ್ತಾರೆ. ಅವರಲ್ಲಿ ನಮ್ಮ ನಿಮ್ಮಂಥ ಗೃಹಿಣಿಯರೂ ಬಹಳ. ವರ್ಷವಿಡೀ ಅಡುಗೆಮನೆಯಿಂದ ಅಂಗಡಿಗೆ, ಅಂಗಡಿಯಿಂದ ಅಡುಗೆಮನೆಗೆ ನಡೆದ ಕಾಲುಗಳಿಗೆ ಒಂದು ಸಲವಾದರೂ ದೊಡ್ಡ ದಾರಿ ಬೇಕು ಎನ್ನಿಸುವುದು ಸಹಜ ತಾನೆ?

ಈ ಸಲ ನೀವೂ ಹೊರಡುವ ಯೋಚನೆಯಲ್ಲಿದ್ದರೆ ದಾರಿಯ ಪರಿಚಯವನ್ನೂ, ಹೊಟ್ಟೆಯ ವಿಚಾರವನ್ನೂ ಸ್ವಲ್ಪ ತಿಳಿದುಕೊಂಡು ಹೊರಡಿ. ಏಕೆಂದರೆ ಪಾದಯಾತ್ರೆ ಮಾಡುವ ಹೆಂಗಸರಲ್ಲಿ ಕೆಲವರು ಹರಕೆ ಹೊತ್ತುಕೊಂಡಿರುತ್ತಾರೆ: "ಮನೆ ಬಿಟ್ಟಾಗಿನಿಂದ ದರ್ಶನ ಆಗೋವರೆಗೂ ಬರೀ ಹಣ್ಣು, ಹಸಿ ತರಕಾರಿ." ಇನ್ನು ಕೆಲವರಿಗೆ ಹರಕೆಯ ಜೊತೆಗೆ ಮನಸ್ಸಿನಲ್ಲೇ ಇನ್ನೊಂದು ಆಸೆ: "ಹೇಗೂ ನಡೀತೀವಿ, ಹಣ್ಣೇ ತಿಂದರೆ ನಾಲ್ಕು ಕಿಲೋ ಇಳಿದೀತು!" ಎರಡರಲ್ಲೂ ತಪ್ಪೇನಿಲ್ಲ. ಆದರೆ ಕೂತು ಮಾಡುವ ಉಪವಾಸವೇ ಬೇರೆ, ನಡೆದು ಮಾಡುವ ಉಪವಾಸವೇ ಬೇರೆ. ಆ ವ್ಯತ್ಯಾಸವನ್ನು ದಾರಿಯೇ ನಿಮಗೆ ತೋರಿಸಿಕೊಡುತ್ತದೆ, ಬನ್ನಿ.

ಕೊಟ್ಟಿಗೆಹಾರದ ಬೆಳಗು

ಮೂಡಿಗೆರೆ ದಾಟಿ ಬಣಕಲ್ ಮೂಲಕ ಕೊಟ್ಟಿಗೆಹಾರಕ್ಕೆ ಬಂದರೆ ಮಲೆನಾಡಿನ ಅಂಚಿಗೆ ಬಂದಂತೆ. ಎರಡೂ ಕಡೆ ಕಾಫಿ ತೋಟ. ಶಿವರಾತ್ರಿಯ ಸುಮಾರಿಗೆ ಹೂಮಳೆ ಬಿದ್ದಿದ್ದರಂತೂ ಗಿಡಗಳೆಲ್ಲ ಬಿಳಿ ಹೂ ಮುಡಿದು, ಮಲ್ಲಿಗೆಯ ಹಾಗೆ ಘಮಘಮ ಎನ್ನುತ್ತಿರುತ್ತವೆ. ಬೆಳಗಿನ ಜಾವ ಮಂಜು, ಮೈಗೆ ಹಿತವಾದ ತಂಪು. ಇಲ್ಲಿಯ ಹೋಟೆಲುಗಳ ನೀರುದೋಸೆ ಹೆಸರುವಾಸಿ. ಹಣ್ಣಿನ ಹರಕೆ ಹೊತ್ತವರು ಆ ಪರಿಮಳವನ್ನು ದಾಟಿ ಹೋಗುವುದೇ ಮೊದಲ ಪರೀಕ್ಷೆ!

ಇಲ್ಲಿ ಹೊರಡುವಾಗ ಎಲ್ಲರಿಗೂ ಹುರುಪು. ಎರಡು ಬಾಳೆಹಣ್ಣು, ಒಂದು ಕಿತ್ತಳೆ ತಿಂದು "ಸಾಕಪ್ಪ, ಹಗುರವಾಗಿದೆ" ಅಂತ ನಡೆಯುತ್ತೇವೆ. ಹಗುರವಾಗಿರುವುದು ನಿಜ. ಹಣ್ಣಿನ ಸಕ್ಕರೆ ಬೇಗ ರಕ್ತಕ್ಕೆ ಸೇರಿ ಕಾಲಿಗೆ ಬಲ ಕೊಡುತ್ತದೆ, ಹೊಟ್ಟೆ ಭಾರವಾಗುವುದಿಲ್ಲ. ಅದಕ್ಕೇ ಓಟಗಾರರೂ ಆಟಗಾರರೂ ಆಟದ ನಡುವೆ ಬಾಳೆಹಣ್ಣು ತಿನ್ನುವುದು. ತೊಂದರೆ ಶುರುವಾಗುವುದು ಮೊದಲ ಗಂಟೆಯಲ್ಲಲ್ಲ, ಐದನೆಯ ಗಂಟೆಯಲ್ಲಿ.

ಇಳಿಜಾರಿನ ಮೋಸ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಊರಿನವರೆಗೆ ಘಟ್ಟದ ದಾರಿ ಸುಮಾರು 25 ಕಿಲೋಮೀಟರು. ತಿರುವಿನ ಮೇಲೆ ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೋಡಿದಷ್ಟೂ ಮುಗಿಯದ ಹಸಿರು ಕಣಿವೆ. ಮಳೆಗಾಲದಲ್ಲಿ ಹೆಜ್ಜೆಗೊಂದು ಜಲಪಾತ ಕಾಣುವ ದಾರಿ ಇದು. ಶಿವರಾತ್ರಿಯ ಹೊತ್ತಿಗೆ ಅವೆಲ್ಲ ಸೊರಗಿ, ಬಂಡೆಯ ಮೇಲೆ ನೀರಿನ ಗೆರೆ ಮಾತ್ರ ಉಳಿದಿರುತ್ತದೆ. 2019ರ ಆಗಸ್ಟಿನ ಭಾರಿ ಮಳೆಗೆ ಇಲ್ಲಿ ಗುಡ್ಡ ಕುಸಿದು ರಸ್ತೆ ಹಲವು ಕಡೆ ಹಾಳಾಗಿತ್ತು. ದಾರಿಯಲ್ಲಿ ಅಣ್ಣಪ್ಪಸ್ವಾಮಿಯ ಗುಡಿ ಸಿಗುತ್ತದೆ. ಅಲ್ಲಿ ಕೈಮುಗಿದು, ಕಾಯಿ ಒಡೆಸಿ ಮುಂದೆ ಹೋಗುವುದು ವಾಡಿಕೆ. ಒಂದು ಎಚ್ಚರಿಕೆ: ಕೈಯಲ್ಲಿ ಬಾಳೆಹಣ್ಣು ಹಿಡಿದುಕೊಂಡು ನಡೆಯಬೇಡಿ. ನಿಮಗಿಂತ ಮೊದಲೇ ಕೋತಿಗಳು ಫಲಾಹಾರ ಮುಗಿಸಿಬಿಡುತ್ತವೆ!

"ಇಳಿಯೋದು ತಾನೆ, ಅದರಲ್ಲೇನು ಕಷ್ಟ" ಎನ್ನಬೇಡಿ. ಹತ್ತುವಾಗ ಸೋಲುವುದು ಉಸಿರು, ಇಳಿಯುವಾಗ ಸೋಲುವುದು ತೊಡೆ ಮತ್ತು ಮಂಡಿ. ಪ್ರತಿ ಹೆಜ್ಜೆಗೂ ತೊಡೆಯ ಮಾಂಸಖಂಡ ಗಾಡಿಯ ಬ್ರೇಕಿನ ಹಾಗೆ ಮೈಭಾರವನ್ನು ತಡೆಯುತ್ತಿರುತ್ತದೆ. ಆಗ ಅದರ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಬಿರುಕು ಬೀಳುತ್ತವೆ. ಮರುದಿನ, ಅದರ ಮರುದಿನ ಕೂತರೆ ಏಳಲಾಗದ ನೋವು ಬರುವುದು ಅದರಿಂದಲೇ. ಆ ಬಿರುಕುಗಳನ್ನು ರಿಪೇರಿ ಮಾಡಲು ಬೇಕಾದದ್ದು ಪ್ರೋಟೀನು. ಅದೇ ಹಣ್ಣಿನಲ್ಲಿ ತೀರಾ ಕಡಿಮೆ.

ಹಣ್ಣಿನ ಲೆಕ್ಕ, ಗೃಹಿಣಿಯ ಲೆಕ್ಕ

ಮನೆಯ ಖರ್ಚಿನ ಪುಸ್ತಕ ಬರೆಯುವವರು ನೀವು. ಇದನ್ನೂ ಹಾಗೇ ಬರೆದು ನೋಡಿ. 55 ಕಿಲೋ ತೂಕದ ಹೆಂಗಸಿಗೆ ಒಂದು ಕಿಲೋಮೀಟರು ನಡೆಯಲು ಸುಮಾರು 40ರಿಂದ 50 ಕ್ಯಾಲರಿ ಬೇಕು. 25 ಕಿಲೋಮೀಟರಿಗೆ ಸಾವಿರದ ಮೇಲಾಯಿತು. ಉಸಿರಾಟಕ್ಕೆ, ಮೈ ಬೆಚ್ಚಗಿರಲು, ಉಳಿದ ಓಡಾಟಕ್ಕೆ ಇನ್ನು ಸಾವಿರದ ಐನೂರು. ಒಟ್ಟು ಸುಮಾರು 2,500.

ಈಗ ಜಮೆಯ ಕಡೆ ನೋಡಿ. ಮಧ್ಯಮ ಗಾತ್ರದ ಪಚ್ಚಬಾಳೆ ಒಂದಕ್ಕೆ ಸುಮಾರು 100 ಕ್ಯಾಲರಿ. ಏಲಕ್ಕಿಬಾಳೆಗೆ ಅದರ ಅರ್ಧ. ಕಲ್ಲಂಗಡಿ 100 ಗ್ರಾಮಿಗೆ 30 ಮಾತ್ರ, ಅದರಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕೂ ಹೆಚ್ಚು ನೀರೇ. ಸೌತೆಕಾಯಿ ಇನ್ನೂ ಕಡಿಮೆ, 15. ಅಂದರೆ ಆ ದಿನದ ಖರ್ಚನ್ನು ಪಚ್ಚಬಾಳೆಯಿಂದಲೇ ತುಂಬಬೇಕಾದರೆ ಇಪ್ಪತ್ತೈದು ಹಣ್ಣು, ಕಲ್ಲಂಗಡಿಯಿಂದಾದರೆ ಎಂಟು ಕಿಲೋ ತಿರುಳು! ಯಾರಿಂದಾದರೂ ಆಗುವ ಮಾತೇ? ಪ್ರಯತ್ನಪಟ್ಟರೂ ಅಷ್ಟು ನಾರು, ಅಷ್ಟು ಹಣ್ಣಿನ ಸಕ್ಕರೆ ಸೇರಿ ಹೊಟ್ಟೆ ಕೆಡುತ್ತದೆ. ಘಟ್ಟದ ರಸ್ತೆಯಲ್ಲಿ ಹೆಂಗಸರಿಗೆ ಅದೆಂಥ ಫಜೀತಿ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ದಿನ ಈ ಲೆಕ್ಕ ತಾಳೆಯಾಗದಿದ್ದರೂ ಚಿಂತೆಯಿಲ್ಲ. ನಮ್ಮ ಪಿತ್ತಜನಕಾಂಗದಲ್ಲೂ ಮಾಂಸಖಂಡಗಳಲ್ಲೂ ಸುಮಾರು 300-400 ಗ್ರಾಂ ಪಿಷ್ಟ ಕೂಡಿಟ್ಟಿರುತ್ತದೆ. ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ದುಡ್ಡಿನ ಹಾಗೆ ಅದು ಕೈಗೆ ಬರುತ್ತದೆ. ಕೊಬ್ಬೂ ಕರಗಿ ಸಹಾಯ ಮಾಡುತ್ತದೆ. ಆದರೆ ಎರಡನೆಯ, ಮೂರನೆಯ ದಿನವೂ ಹೀಗೇ ನಡೆದರೆ ಡಬ್ಬಿ ಬರಿದು. ಆಮೇಲೆ ದೇಹ ತನ್ನ ಮಾಂಸಖಂಡವನ್ನೇ ಒಡೆದು ಉರಿಸಲು ಶುರುಮಾಡುತ್ತದೆ. ಕಾಲು ಸೀಸದ ಹಾಗೆ ಭಾರ, ತಲೆ ಸುತ್ತು, ಮುಂಗೋಪ. ಜೊತೆಯವರು "ಇವಳಿಗೇನಾಯ್ತು?" ಅಂತ ಮುಖ ಮುಖ ನೋಡಿಕೊಳ್ಳುತ್ತಾರೆ. ಏನೂ ಆಗಿಲ್ಲ, ಪಾಪ, ಹಸಿವು!

ತೂಕದ ಆಸೆಯವರಿಗೂ ಒಂದು ಮಾತು. ಕೂಡಿಟ್ಟ ಪ್ರತಿ ಗ್ರಾಂ ಪಿಷ್ಟದ ಜೊತೆ ಸುಮಾರು ಮೂರು ಗ್ರಾಂ ನೀರೂ ಇರುತ್ತದೆ. ಪಿಷ್ಟ ಕರಗಿದಾಗ ನೀರೂ ಹೊರಟುಹೋಗುತ್ತದೆ. ಮೂರು ದಿನದಲ್ಲಿ ಒಂದೆರಡು ಕಿಲೋ ಇಳಿದಂತೆ ತಕ್ಕಡಿ ತೋರಿಸುವುದು ಹೆಚ್ಚಾಗಿ ಇದನ್ನೇ. ಊರಿಗೆ ಬಂದು ಎರಡು ದಿನ ಊಟ ಮಾಡಿದರೆ ಅದು ಹಾಗೇ ವಾಪಸ್ಸು.

ಬಯಲಿನ ಬಿಸಿಲು, ಬೆವರಿನ ಉಪ್ಪು

ಚಾರ್ಮಾಡಿಗೆ ಇಳಿಯುತ್ತಿದ್ದಂತೆ ಹವೆಯೇ ಬದಲು. ಮೇಲಿನ ತಂಪು ಎಲ್ಲಿ ಹೋಯಿತೋ! ಮೃತ್ಯುಂಜಯ ಹೊಳೆಯ ಆಸುಪಾಸು, ಕಕ್ಕಿಂಜೆ, ಮುಂಡಾಜೆ, ಉಜಿರೆ ಎಂದು ಸಾಗುವಾಗ ಅಡಿಕೆ ತೋಟಗಳ ನೆರಳು ಆಗಾಗ ಸಿಕ್ಕರೂ ಕರಾವಳಿಯ ಸೆಕೆ ಮೈಗೆ ಅಂಟಿಕೊಳ್ಳುತ್ತದೆ. ಸೆರಗು, ರವಿಕೆ ಒದ್ದೆ. ಒಣಗಿದ ಮೇಲೆ ಬಟ್ಟೆಯ ಮೇಲೆ ಬಿಳಿ ಗೆರೆ ಕಾಣುತ್ತದಲ್ಲ, ಅದೇ ನಿಮ್ಮ ಮೈಯಿಂದ ಹೋದ ಉಪ್ಪು.

ಹಣ್ಣು, ಹಸಿ ತರಕಾರಿಗಳಲ್ಲಿ ಉಪ್ಪಿನಂಶ ಇಲ್ಲವೆನ್ನುವಷ್ಟು ಕಡಿಮೆ. ಎಳನೀರು ಒಳ್ಳೆಯದೇ, ಆದರೆ ಬೆವರಲ್ಲಿ ಹೋಗುವಷ್ಟು ಉಪ್ಪು ಅದರಲ್ಲೂ ಇಲ್ಲ. ಹಣ್ಣು ತಿಂದು, ಮೇಲೆ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುತ್ತಾ ಹೋದರೆ ರಕ್ತದಲ್ಲಿನ ಉಪ್ಪು ತೆಳುವಾಗುತ್ತದೆ. ತಲೆನೋವು, ವಾಕರಿಕೆ, ಕಾಲಿಗೆ ಹಿಡಿತ, ವಿಪರೀತವಾದರೆ ಮಾತು ತಡವರಿಸಿ ಮಂಕು ಕವಿಯುವುದು. ಹಾಗಾದವರನ್ನು ನೆರಳಲ್ಲಿ ಕೂರಿಸಿ, ತಡಮಾಡದೆ ವೈದ್ಯರ ಹತ್ತಿರ ಕರೆದೊಯ್ಯಬೇಕು. "ಇನ್ನೂ ನೀರು ಕುಡಿಸಿ" ಎಂದು ಒತ್ತಾಯ ಮಾಡಬಾರದು.

ದಾರಿಯುದ್ದಕ್ಕೂ ಪುಣ್ಯಾತ್ಮರು ಮಜ್ಜಿಗೆ, ಪಾನಕ, ಕಲ್ಲಂಗಡಿ ಹೋಳು ಇಟ್ಟುಕೊಂಡು ಕರೆದು ಕೊಡುತ್ತಾರೆ. ಉಪ್ಪು ಹಾಕಿದ ಮಜ್ಜಿಗೆಯನ್ನು ಬಿಡಬೇಡಿ. ಕರಾವಳಿಯ ಪುನರ್ಪುಳಿ ಶರಬತ್ತು ಸಿಕ್ಕರೆ ಒಂದು ಚಿಟಿಕೆ ಉಪ್ಪು ಸೇರಿಸಿ ಕುಡಿಯಿರಿ.

ಹಾಗಾದರೆ ಹರಕೆ ಬಿಡಬೇಕೇ?

ಬೇಡ. ಹಿರಿಯರು ಹೇಳಿದ ಫಲಾಹಾರವನ್ನು ಒಮ್ಮೆ ನೆನಪಿಸಿಕೊಳ್ಳಿ. ಅದು ಬರೀ ಹಣ್ಣಲ್ಲ. ಹಾಲು, ಮೊಸರು, ಬೆಲ್ಲ, ತೆಂಗಿನಕಾಯಿ, ಕಡಲೆಕಾಯಿ, ಖರ್ಜೂರ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಅದೂ ಮನೆಯಲ್ಲಿ ಭಜನೆ ಮಾಡುತ್ತ ಕೂರುವ ಒಂದು ದಿನಕ್ಕೆ. ಘಟ್ಟ ಇಳಿಯುವವರು ಇವನ್ನೆಲ್ಲ ಬಿಟ್ಟು ಸೌತೆಕಾಯಿ ಕಚ್ಚಿಕೊಂಡು ನಡೆದರೆ ದೇವರಿಗೂ ಸಮಾಧಾನವಾಗದು.

ನಡೆಯುವ ದಿನಗಳಲ್ಲಿ ಹಣ್ಣು-ತರಕಾರಿಯ ಜೊತೆಗೆ ಎರಡು ಹಿಡಿ ಕಡಲೆಕಾಯಿ ಬೀಜ (ಒಂದು ಹಿಡಿಯಲ್ಲಿ ಸುಮಾರು 7 ಗ್ರಾಂ ಪ್ರೋಟೀನು), ಎರಡು ಹೊತ್ತು ಹಾಲು ಅಥವಾ ಮೊಸರು, ಆರೇಳು ಖರ್ಜೂರ ಇರಲಿ. ಬೇಳೆಗೆ ಅಡ್ಡಿಯಿಲ್ಲದಿದ್ದರೆ ಕೋಸಂಬರಿ. ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ, ಹಸಿವಾಗುವವರೆಗೆ ಕಾಯಬೇಡಿ. ಅಪ್ಪಟ ಹಣ್ಣಿನ ನೇಮವನ್ನು ಶಿವರಾತ್ರಿಯ ಒಂದು ದಿನಕ್ಕೆ ಇಟ್ಟುಕೊಂಡು, ಅಂದು ನಡೆಯುವ ದೂರವನ್ನು ಕಡಿಮೆ ಮಾಡಿ. ಉಜಿರೆಯಲ್ಲಿ ತಂಗಿದರೆ ಧರ್ಮಸ್ಥಳಕ್ಕೆ ಉಳಿಯುವುದು ಹತ್ತು ಕಿಲೋಮೀಟರಿನೊಳಗೆ.

ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಹೀಗೆ ನಡೆದರೆ ಸಕ್ಕರೆ ಅಂಶ ಕುಸಿದು ದಾರಿಯಲ್ಲೇ ಬೀಳುವ ಅಪಾಯವಿದೆ. ಮೂತ್ರಪಿಂಡದ ತೊಂದರೆಯವರಿಗೆ ಬಾಳೆಹಣ್ಣು, ಎಳನೀರಿನ ಪೊಟ್ಯಾಷಿಯಂ ಒಗ್ಗದು. ಬಸುರಿಯರು, ಹಾಲೂಡಿಸುವವರು, ರಕ್ತಹೀನತೆಯವರು ಈ ನೇಮವನ್ನೇ ಹೊರಬಾರದು. ಮಿಕ್ಕವರೂ ಹೊರಡುವ ಒಂದೂವರೆ ತಿಂಗಳ ಮೊದಲಿನಿಂದ ದಿನಾ ನಡೆದು ರೂಢಿ ಮಾಡಿಕೊಳ್ಳಿ. ಒಂದು ಭಾನುವಾರ ಊರಲ್ಲೇ ಹತ್ತು ಹನ್ನೆರಡು ಕಿಲೋಮೀಟರು ನಡೆದು ಇದೇ ಆಹಾರ ಒಗ್ಗುತ್ತದೆಯೇ ನೋಡಿ. ಘಟ್ಟದಲ್ಲಿ ಕತ್ತಲಾದ ಮೇಲೆ ನಡೆಯಬೇಡಿ. ವಾಹನಗಳ ಭಯ ಒಂದು ಕಡೆ, ಕಾಡಾನೆಗಳ ಭಯ ಇನ್ನೊಂದು ಕಡೆ.

ದಾರಿಯ ಬುತ್ತಿ

ಶಿವರಾತ್ರಿ ತಂಬಿಟ್ಟು: ಹುರಿಗಡಲೆ 1 ಲೋಟ, ಕಡಲೆಕಾಯಿ ಬೀಜ ಅರ್ಧ ಲೋಟ, ಒಣಕೊಬ್ಬರಿ ತುರಿ ಅರ್ಧ ಲೋಟ, ಎಳ್ಳು 2 ಚಮಚ, ಪುಡಿಬೆಲ್ಲ 1 ಲೋಟ, ಏಲಕ್ಕಿ. ಹುರಿಗಡಲೆಯನ್ನು ನುಣ್ಣಗೆ ಪುಡಿ ಮಾಡಿ. ಕಡಲೆಕಾಯಿ, ಎಳ್ಳು ಹುರಿದು ತರಿತರಿಯಾಗಿ ಕುಟ್ಟಿ. ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ, ಶೋಧಿಸಿ, ಬೆರಳಿಗೆ ಅಂಟುವ ಪಾಕ ಬಂದಾಗ ಇಳಿಸಿ. ಎಲ್ಲ ಬೆರೆಸಿ ಬಿಸಿಯಿರುವಾಗಲೇ ನಿಂಬೆ ಗಾತ್ರದ ಉಂಡೆ ಕಟ್ಟಿ. ಹುರಿಗಡಲೆ ನೇಮಕ್ಕೆ ಬರದಿದ್ದರೆ ಕಡಲೆಕಾಯಿ, ಬೆಲ್ಲ, ಕೊಬ್ಬರಿಯದೇ ಉಂಡೆ ಮಾಡಿಕೊಳ್ಳಿ.

ಉಪ್ಪು-ಸಕ್ಕರೆ ನೀರು: ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ರುಚಿಗೆ ನಿಂಬೆರಸ. ಉಪ್ಪು ಅಳತೆಗಿಂತ ಹೆಚ್ಚಾಗಬಾರದು. ಅಂದು ಮಾಡಿದ್ದನ್ನು ಅಂದೇ ಮುಗಿಸಿ.

ಕ್ಯಾರೆಟ್ ಕೋಸಂಬರಿ: ಅರ್ಧ ಲೋಟ ಹೆಸರುಬೇಳೆಯನ್ನು ಅರ್ಧ ಗಂಟೆ ನೆನೆಸಿ ನೀರು ಬಸಿದು, ಕ್ಯಾರೆಟ್ ತುರಿ, ಕಾಯಿತುರಿ, ಉಪ್ಪು, ನಿಂಬೆರಸ ಬೆರೆಸಿ. ಬೆಳಿಗ್ಗೆ ತಂಗಿದಲ್ಲೇ ಮಾಡಿ ತಿಂದು ಹೊರಡಿ, ಬಿಸಿಲಿಗೆ ಇದು ಬೇಗ ಹಳಸುತ್ತದೆ.

ನೇತ್ರಾವತಿಯ ದಡದಲ್ಲಿ

ಕೊನೆಗೆ ನೇತ್ರಾವತಿಯ ಸ್ನಾನಘಟ್ಟ. ಬೊಬ್ಬೆ ಬಂದ ಪಾದಗಳನ್ನು ಆ ತಣ್ಣನೆಯ ನೀರಿನಲ್ಲಿ ಇಳಿಬಿಟ್ಟು ಕೂತಾಗ ಆಗುವ ಸುಖಕ್ಕೆ ಸಾಟಿಯಿಲ್ಲ. ಇಲ್ಲಿಯದು ವಿಶೇಷ ಕ್ಷೇತ್ರ. ದೇವರು ಶಿವ, ಪೂಜೆ ಮಾಡುವವರು ವೈಷ್ಣವರು, ಧರ್ಮಾಧಿಕಾರಿಗಳು ಜೈನ ಮನೆತನದವರು. ಕಾಲಲ್ಲಿ ಇನ್ನೂ ಶಕ್ತಿಯಿದ್ದರೆ 1982ರಲ್ಲಿ ಪ್ರತಿಷ್ಠಾಪನೆಯಾದ 39 ಅಡಿ ಎತ್ತರದ ಬಾಹುಬಲಿಯನ್ನೂ ನೋಡಿ ಬನ್ನಿ.

ದರ್ಶನ, ಜಾಗರಣೆ ಮುಗಿದ ಮೇಲೆ ಅನ್ನಪೂರ್ಣ ಛತ್ರದಲ್ಲಿ ಪಂಕ್ತಿಗೆ ಕೂತುಕೊಳ್ಳಿ. ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಒಂದೇ ಊಟ. ಉಪವಾಸದ ಹೊಟ್ಟೆಗೆ ಮೊದಲು ಮೆತ್ತನೆಯ ಅನ್ನ, ಸಾರು, ಮಜ್ಜಿಗೆ ಸಾಕು. ಬಜ್ಜಿ ಬೋಂಡದ ಅಂಗಡಿಗೆ ಮರುದಿನ ಹೋದರಾಯಿತು.

ಒಂದು ಮಾತು ಮರೆಯಬೇಡಿ. ಯಾತ್ರೆಗೆ ಹೊರಡುವಾಗ ಗಂಡನಿಗೆ, ಮಕ್ಕಳಿಗೆ, ಅತ್ತೆಗೆ ಬೇರೆ ಬೇರೆ ಡಬ್ಬಿ ತುಂಬಿ, ತನಗೆ ಮಾತ್ರ "ಎರಡು ಬಾಳೆಹಣ್ಣು ಸಾಕು" ಎನ್ನುವುದು ನಮ್ಮ ಹೆಂಗಸರ ಅಭ್ಯಾಸ. ಎಷ್ಟೋ ಸಲ ಅದು ಹರಕೆಯೂ ಅಲ್ಲ, ಪಥ್ಯವೂ ಅಲ್ಲ, ತನ್ನ ಹಸಿವನ್ನು ಕೊನೆಗಿಡುವ ರೂಢಿ. ಈ ಸಲ ಮೊದಲ ಡಬ್ಬಿ ನಿಮಗಾಗಿ ತುಂಬಿ. ಅದರಲ್ಲಿ ಹಣ್ಣೂ ಇರಲಿ, ನಾಲ್ಕು ತಂಬಿಟ್ಟೂ ಇರಲಿ. ಹೋಗಿಬನ್ನಿ, ಮಂಜುನಾಥ ಒಳ್ಳೆಯದು ಮಾಡಲಿ.